ದೊಡ್ಡವ್ವನ ಎಡಗೈ

ನನ್ನ ದೊಡ್ಡವ್ವ ಗುರುಬಸವ್ವ ತಿಕೋಟಾದ ತನ್ನ ಮನೆಯ ಮಾಳಿಗೆ ಏಣಿಯಿಂದ ಬಿದ್ದದ್ದು ನಲವತ್ತೇಳನೇ ಇಸವಿಯ ಶಿವರಾತ್ರಿ ಮುಗಿದ ಮರುವಾರ. ಬಿಸಿಲಿಗೆ ಹರವಿದ ಸಂಡಿಗೆಗೆ ಕಾಗೆಗಳು ಬಾಯಿ ಹಾಕುತ್ತಿವೆಯೆಂದು ಹತ್ತಿದ್ದಳು. ಇಳಿಯುವಾಗ ಸೀರೆಯ ನಿರಿಗೆ ಕಾಲಿಗೆ ತೊಡರಿ ಎಡಭುಜ ಕೆಳಗಾಗಿ ಬಿದ್ದಳು. ನೆರೆಯವರು ಓಡಿಬಂದು ನೋಡಿದರೆ, ಬಿದ್ದಲ್ಲೇ ಎದ್ದು ಕೂತು, ಏಣಿಯನ್ನು ಇಷ್ಟು ಸಡಿಲ ಇಟ್ಟವರು ಯಾರು ಎಂದು ವಿಚಾರಣೆ ನಡೆಸಿದ್ದಳಂತೆ.

ಗಂಡ ತೀರಿಕೊಂಡ ಮೇಲೆ ಜೋಳ, ಕುಸುಬಿಯ ಅಂಗಡಿಯನ್ನು ಒಬ್ಬಳೇ ನಡೆಸಿಕೊಂಡು ಬಂದ ಹೆಂಗಸು ಅವಳು. ಮಕ್ಕಳಿಲ್ಲ. ನನ್ನ ಅವ್ವ ಕಾಳವ್ವನಿಗೆ ಸ್ವಂತ ಅಕ್ಕ. ನನ್ನನ್ನು ಧಾರವಾಡದ ಕಾಲೇಜಿಗೆ ಕಳಿಸಲೇಬೇಕೆಂದು ಅಪ್ಪನ ಮುಂದೆ ಕೂತು ಹಟ ಹಿಡಿದವಳೂ ಅವಳೇ. ನಾನು ಬಿ.ಎ. ಮುಗಿಸಿ ವಿಜಾಪುರದ ಜೋರಾಪುರ ಪೇಟೆಯ ನಮ್ಮ ಮನೆಗೆ ಮರಳಿ ಆಗ ಒಂದು ವರ್ಷವಾಗಿತ್ತು. ಓದಿ ಬಂದರೂ ನನ್ನ ಬಾಯಿ ಮಾತ್ರ ತೆರೆದಿರಲಿಲ್ಲ. ಯಾರಾದರೂ ಏನಾದರೂ ಕೇಳಿದರೆ ಉತ್ತರ ಮನಸ್ಸಿನಲ್ಲಿ ಸಾಲಾಗಿ ಬಂದು ನಿಲ್ಲುತ್ತಿತ್ತು. ಅದನ್ನು ಹೇಳುವಷ್ಟರಲ್ಲಿ ಅವರು ಬೇರೆ ಮಾತಿಗೆ ಹೋಗಿರುತ್ತಿದ್ದರು. ಉಳಿದುಹೋದ ಉತ್ತರವನ್ನು ದಿನಚರಿಯಲ್ಲಿ ಬರೆದಿಟ್ಟು ಸುಮ್ಮನಾಗುತ್ತಿದ್ದೆ. ಇಕಿ ಮಾತೆಲ್ಲಾ ಧಾರವಾಡದಾಗ ಬಿಟ್ಟು ಬಂದಾಳ ಎಂದು ಅವ್ವ ಮನೆಗೆ ಬಂದವರ ಮುಂದೆ ನಗುತ್ತಿದ್ದಳು.

ದೊಡ್ಡವ್ವನನ್ನು ಮೊದಲು ಬಬಲೇಶ್ವರದ ಮಲಕಾಜಪ್ಪನ ಹತ್ತಿರ ಒಯ್ದರು. ಎಲುಬು ಕೂಡಿಸುವುದರಲ್ಲಿ ಆತನ ಕೈಗುಣ ಸುತ್ತಲಿನ ಹಳ್ಳಿಗೆಲ್ಲ ಗೊತ್ತಿತ್ತು. ಮುರಿದದ್ದು ಕೊರಳಿನ ಬುಡದಿಂದ ಭುಜಕ್ಕೆ ಅಡ್ಡ ಹೋಗುವ ಎಲುಬು. ಸೊಪ್ಪು ಅರೆದು ಹಚ್ಚಿ, ದಬ್ಬೆ ಇಟ್ಟು, ತೋಳನ್ನು ಎದೆಗೆ ಸೇರಿಸಿ ಕಟ್ಟಿದ. ಆದರೆ ದೊಡ್ಡವ್ವನಿಗೆ ದಮ್ಮು. ಬಿಗಿಯಾಗಿ ಕಟ್ಟಿದರೆ ಉಸಿರಾಡಲಿಕ್ಕೆ ಆಗುತ್ತಿರಲಿಲ್ಲ. ಸಡಿಲ ಬಿಟ್ಟರೆ ಒಂದೊಂದು ಉಸಿರಿಗೂ ಎಲುಬು ಏರಿಳಿಯುತ್ತಿತ್ತು. ಮೂರು ವಾರದ ಮೇಲೆ ಕಟ್ಟು ಬಿಚ್ಚಿ ನೋಡಿದ ಮಲಕಾಜಪ್ಪ, ಎಲುಬಿನ ತುದಿ ಒಳಗಿನಿಂದ ಚರ್ಮವನ್ನು ಒತ್ತುತ್ತಿದೆ, ಇದು ನನ್ನ ಕೈಯಿಂದ ಆಗುವ ಕೆಲಸವಲ್ಲ, ತಡ ಮಾಡದೆ ವಿಜಾಪುರಕ್ಕೆ ಒಯ್ಯಿರಿ ಎಂದು ತಾನಾಗಿಯೇ ಹೇಳಿದ.

ಯಾಕೂಬ ಡಾಕ್ಟರ ದವಾಖಾನೆ ಆರು ಹಾಸಿಗೆಯದು. ಅವರು ಈ ಊರಲ್ಲೇ ಹುಟ್ಟಿ ಬೆಳೆದವರು. ಯುದ್ಧದಲ್ಲಿ ನಾಲ್ಕು ವರ್ಷ ಬರ್ಮಾ ಗಡಿಯ ಡೇರೆಗಳಲ್ಲಿ ಸಿಪಾಯಿಗಳ ಗಾಯ ಹೊಲಿದು ಹಿಂದಿನ ವರ್ಷವಷ್ಟೇ ಮರಳಿದ್ದರು. ದೊಡ್ಡವ್ವನ ಎದೆಗೆ ನಳಿಕೆ ಇಟ್ಟು ಬಹಳ ಹೊತ್ತು ಕೇಳಿದರು. ದಮ್ಮಿನವರಿಗೆ ಕ್ಲೋರೋಫಾರ್ಮ್ ಅಪಾಯ, ಎಚ್ಚರದಲ್ಲಿಟ್ಟೇ ಆಪರೇಶನ್ ಮಾಡುತ್ತೇನೆ ಎಂದರು. ಅವ್ವ ಗಾಬರಿಯಾದಳು. ಡಾಕ್ಟರು ತಮ್ಮ ಕೊರಳ ಬುಡದ ಕುಳಿಯ ಮೇಲೆ ಬೆರಳಿಟ್ಟು ತೋರಿಸಿದರು. ತೋಳಿನ ನರಗಳೆಲ್ಲ ಕೊರಳಿನಿಂದ ಹೊರಟು ಈ ಎಲುಬಿನ ಹಿಂದೆ ಒಂದು ಕಟ್ಟಾಗಿ ಹಾದುಹೋಗುತ್ತವೆ. ಅಲ್ಲಿಗೆ ಒಂದು ಸೂಜಿ, ಕೊರಳ ಮಗ್ಗುಲಿಗೆ ಇನ್ನೊಂದು. ಔಷಧ ತಾಗಿತೆಂದರೆ ತೋಳಿನ ಸುದ್ದಿ ತಲೆಗೆ ಮುಟ್ಟುವುದಿಲ್ಲ, ತಾರ್ ಆಫೀಸಿನ ತಂತಿ ನಡುವೆ ಹರಿದ ಹಾಗೆ. ಸಿಪಾಯಿಗಳು ಬೀಡಿ ಸೇದುತ್ತ, ಮಾತಾಡುತ್ತ ತೋಳು ಹೊಲಿಸಿಕೊಂಡದ್ದನ್ನು ಅವರು ಕಂಡಿದ್ದರು.

"ನನಗ ಬೀಡಿ ಬ್ಯಾಡ್ರಿ ಡಾಕ್ಟರ. ಮಾತಾಡಾಕ ಬಿಟ್ರ ಸಾಕು," ಎಂದಳು ದೊಡ್ಡವ್ವ.

ಆಪರೇಶನ್ನಿನ ದಿನ ನಸುಕಿನಲ್ಲೇ ಮೈ ಒರೆಸಿಕೊಂಡು ಲಿಂಗಪೂಜೆ ಮುಗಿಸಿದಳು. ದಿನಕ್ಕೆ ಎರಡು ಹೊತ್ತು, ಎಡ ಅಂಗೈಯ ಮೇಲೆ ಲಿಂಗವಿಟ್ಟು ಎದೆಯ ಮುಂದೆ ಹಿಡಿದು ಕೂಡುವುದು ಅವಳು ಸಣ್ಣವಳಿದ್ದಾಗಿನಿಂದ ನಡೆದುಬಂದದ್ದು. ಅದಾಗದೆ ಅವಳ ಗಂಟಲಿಗೆ ಗುಟುಕು ನೀರೂ ಇಳಿಯುತ್ತಿರಲಿಲ್ಲ. ಮಲಕಾಜಪ್ಪ ಕಟ್ಟಿದ ಕಟ್ಟಿನಲ್ಲಿ ಅಂಗೈ ಎದೆಯ ಮುಂದೆಯೇ ಇದ್ದದ್ದರಿಂದ ಆ ಮೂರು ವಾರವೂ ಒಂದು ಹೊತ್ತು ತಪ್ಪಿರಲಿಲ್ಲ. ಕೊರಳಿನ ಲಿಂಗವನ್ನು ತೆಗೆದಿಡಬೇಕಾಗುತ್ತದೇನೋ ಎಂಬ ಚಿಂತೆಯೊಂದೇ ಅವಳಿಗಿದ್ದದ್ದು. ಡಾಕ್ಟರು, ಬಲತೋಳಿಗೆ ಕಟ್ಟಿಕೊಳ್ಳಲಿ, ನನಗೆ ಬೇಕಾದದ್ದು ಎಡಮಗ್ಗುಲು ಮಾತ್ರ ಎಂದರು. ಲಿಂಗವಿದ್ದ ಬೆಳ್ಳಿಯ ಕರಡಿಗೆಯನ್ನು ಅವ್ವ ಬಲತೋಳಿಗೆ ಕಟ್ಟಿದಳು.

ಒಳಗೆ ಒಂದೂವರೆ ತಾಸು ಹಿಡಿಯಿತು. ಬಾಗಿಲ ಹೊರಗೆ ಕೂತ ನಮಗೆ ದೊಡ್ಡವ್ವನ ದನಿ ಕೇಳುತ್ತಲೇ ಇತ್ತು. ಡಾಕ್ಟರ ಹೆಂಡತಿಯ ತವರು ಯಾವುದು, ಮಕ್ಕಳೆಷ್ಟು, ಬರ್ಮಾದಲ್ಲಿ ರೊಟ್ಟಿ ಸಿಗುತ್ತಿತ್ತೇ ಎಂದೆಲ್ಲ ಕೇಳಿ ತಿಳಿದುಕೊಂಡಳು. ಎಲುಬಿನ ಎರಡು ತುದಿ ಕೂಡಿಸಿ ಉಕ್ಕಿನ ತಂತಿಯಿಂದ ಬಿಗಿದು ಹೊಲಿಗೆ ಹಾಕಿದರು. ಹೊರಗೆ ತಂದಾಗ ಅವಳ ಮುಖದಲ್ಲಿ ನೋವಿನ ಗುರುತೇ ಇರಲಿಲ್ಲ. ಕಾಳವ್ವಾ, ನನ್ನ ಕೈ ಎಲ್ಲಿ ಇಟ್ಟಾರ ನೋಡು ಎಂದು ಅವ್ವನನ್ನು ನಗಿಸಿದಳು.

ಡಾಕ್ಟರು ಕೈ ತೊಳೆದು ಪಡಸಾಲೆಗೆ ಬಂದು, ಮನೆಯಲ್ಲಿ ಓದಿದವಳು ನಾನೆಂದು ನನಗೇ ಎಲ್ಲ ಹೇಳಿದರು. ಎಡಗೈಗೆ ದೀಪ ಹಚ್ಚುವ ಹೊತ್ತಿನವರೆಗೆ ಸ್ಪರ್ಶ ಇರುವುದಿಲ್ಲ. ಬಿಸಿಯಾದದ್ದೇನೂ ಹತ್ತಿರ ಒಯ್ಯಬಾರದು, ಆ ಕೈಯಲ್ಲಿ ಏನೂ ಹಿಡಿಯಗೊಡಬಾರದು. ಔಷಧ ಇಳಿದ ಮೇಲೆ ನೋವು ಏರುತ್ತದೆ. ನಾಳೆ ಬೆಳಗ್ಗೆ ಮತ್ತೆ ಸೂಜಿ ಹಾಕುತ್ತೇನೆ, ಹೀಗೆ ಮೂರು ದಿನ. ನೋವಿಲ್ಲದಿದ್ದರೆ ಮಾತ್ರ ಆಕೆ ಆಳವಾಗಿ ಉಸಿರೆಳೆದು ಕೆಮ್ಮುತ್ತಾಳೆ. ಕೆಮ್ಮದಿದ್ದರೆ ದಮ್ಮಿನ ಎದೆಯಲ್ಲಿ ಕಫ ಕಟ್ಟಿ ಜೀವಕ್ಕೇ ಬರುತ್ತದೆ. ಆಕೆಗೂ ಇದನ್ನು ತಿಳಿಸಿ ಹೇಳು ಎಂದರು. ನಾನು ಹೂಂ ಎಂದೆ.

ಒಳಗೆ ಹೋದಾಗ ಅವ್ವ ಗಂಜಿ ತರಲು ಮನೆಗೆ ಹೋಗಿದ್ದಳು. ದೊಡ್ಡವ್ವನಿಗೆ ನೀರಡಿಕೆ. ನಸುಕಿನ ಪೂಜೆ ಆಗಿದ್ದರೂ, ಕತ್ತಿ ಆಡಿದ ಮೈ, ಬಾಯಿಗೆ ನೀರು ಬೀಳಬೇಕಾದರೆ ಮತ್ತೊಮ್ಮೆ ಪೂಜೆ ಆಗಬೇಕು. ವಿಭೂತಿ ಕೊಡು, ದಿಂಬು ಎತ್ತರಿಸು, ತೋಳಿನ ಕರಡಿಗೆ ಬಿಚ್ಚು ಎಂದಳು. ಕೊಟ್ಟೆ, ಎತ್ತರಿಸಿದೆ, ಬಿಚ್ಚಿ ಅವಳ ಮಡಿಲಲ್ಲಿಟ್ಟೆ. ಹೇಳಬೇಕಾದ ಮಾತು ನನ್ನೊಳಗೆ ಸಾಲಾಗಿ ನಿಂತಿತ್ತು: ದೊಡ್ಡವ್ವಾ, ಆ ಕೈಗೆ ಈಗ ಏನೂ ತಿಳಿಯುವುದಿಲ್ಲ. ಅಷ್ಟರಲ್ಲಿ ಅವಳು ಬಲಗೈಯಿಂದ ಲಿಂಗ ತೆಗೆದು ಎಡ ಅಂಗೈಯ ಮೇಲಿಟ್ಟಾಗಿತ್ತು. ಪೂಜೆಗೆ ಕೂತಾಗ ಯಾರಾದರೂ ಮಾತಾಡಿದರೆ ಅವಳಿಗೆ ಆಗದು. ಅಂಗೈ ನೋಡಲಿಕ್ಕೆ ಎಂದಿನ ಹಾಗೆಯೇ ಇತ್ತು, ಬೆರಳು ಅರ್ಧ ಮಡಚಿ, ಕಟ್ಟಿನೊಳಗೆ ಎದೆಯ ಮುಂದೆ. ಎರಡು ನಿಮಿಷದ ಮಾತು, ಮುಗಿದ ಮೇಲೆ ಹೇಳೋಣ ಎಂದುಕೊಂಡೆ.

ಅವಳು ಕಣ್ಣು ಮುಚ್ಚಿದಳು. ಮಲಗಿದವರ ಕೈ ಮಗ್ಗುಲಾಗುವ ಹಾಗೆ ಆ ಕೈ ನಿಧಾನವಾಗಿ ಹೊರಳಿತು. ಲಿಂಗ ಜಾರಿ, ಹೊದಿಕೆಯ ಅಂಚಿಗೆ ತಾಗಿ, ಹಾಸುಗಲ್ಲಿನ ಮೇಲೆ ಬಿತ್ತು. ಸಣ್ಣ ಸಪ್ಪಳ.

ದೊಡ್ಡವ್ವ ಕಣ್ಣು ತೆರೆದು ಮೊದಲು ಅಂಗೈ ನೋಡಿಕೊಂಡಳು. ಆಮೇಲೆ ನನ್ನನ್ನು ನೋಡಿದಳು. ಇನ್ನೊಬ್ಬರ ಲಿಂಗವನ್ನು ನಮ್ಮಲ್ಲಿ ಮುಟ್ಟುವುದಿಲ್ಲ. ಆದರೂ ನಾನು ಬಗ್ಗಿ ಎತ್ತಿ ಅವಳ ಬಲಗೈಗೆ ಕೊಟ್ಟೆ. ಅವಳು ಅದನ್ನು ಎರಡು ಕಣ್ಣಿಗೂ ಒತ್ತಿಕೊಂಡು, ಅರಿವೆಯಲ್ಲಿ ಸುತ್ತಿ, ಕರಡಿಗೆಯಲ್ಲಿಟ್ಟಳು.

"ಯಾರಿಗೂ ಹೇಳಬ್ಯಾಡ ನಾಗಿ," ಎಂದು ಗೋಡೆಯ ಕಡೆ ಮುಖ ತಿರುಗಿಸಿದಳು.

ಕೈಯಿಂದ ಲಿಂಗ ಬಿದ್ದು ನೆಲ ಮುಟ್ಟಿದರೆ ಏನು ಎಂಬುದನ್ನು ನಮ್ಮ ಮನೆಗಳಲ್ಲಿ ಬಾಯಿ ಬಿಟ್ಟು ಆಡುವುದಿಲ್ಲ. ಹಿಂದಿನವರು ಅನ್ನ ನೀರು ಬಿಟ್ಟು ಜೀವ ಕಳೆದುಕೊಳ್ಳುತ್ತಿದ್ದರೆಂದು ಮಾತ್ರ ಕೇಳಿದ್ದೆವು. ಅವ್ವ ತಂದ ಗಂಜಿಯನ್ನು ದೊಡ್ಡವ್ವ ಒಲ್ಲೆ ಎಂದಳು. ಹಸಿವಿಲ್ಲವಂತೆ. ನೀರೂ ಬೇಡವಂತೆ. ದೀಪ ಹಚ್ಚುವ ಹೊತ್ತಿಗೆ ಡಾಕ್ಟರು ಹೇಳಿದ ಹಾಗೆ ಬೆರಳು ಅಲುಗಾಡಿದವು, ನೋವೂ ಬಂತು. ಅವಳು ಹಲ್ಲು ಕಚ್ಚಿ ತಡೆದುಕೊಂಡಳು. ಸಂಜೆಯ ಪೂಜೆಗೂ ಕರಡಿಗೆ ತೆರೆಯಲಿಲ್ಲ. ನೋವಿಗೆ ಹೀಗೆ ಮಾಡುತ್ತಿದ್ದಾಳೆ ಎಂದು ಅವ್ವ ತಿಳಿದಳು. ಹಾಗಲ್ಲ ಎಂಬುದು ಗೊತ್ತಿದ್ದವಳು ನಾನೊಬ್ಬಳು.

ಮರುದಿನ ಬೆಳಗ್ಗೆ ಡಾಕ್ಟರು ಸೂಜಿ ಹಿಡಿದು ಬಂದರು. ದೊಡ್ಡವ್ವ ತಲೆ ಅಲ್ಲಾಡಿಸಿದಳು. ನಿನ್ನೆ ಹೆದರದವರು ಇವತ್ತೇಕೆ ಹೆದರಿದಿರಿ ಎಂದು ಅವರು ನಗೆಯಾಡಿದರೂ ಅವಳು ಹೊದಿಕೆಯನ್ನು ಕೊರಳಿನವರೆಗೆ ಎಳೆದುಕೊಂಡಳು. ಅವ್ವ ಬೈದಳು, ಕೈ ಮುಗಿದಳು, ಅತ್ತಳು. ಡಾಕ್ಟರು ಎದೆಗೆ ನಳಿಕೆ ಇಟ್ಟು ಕೇಳಿ, ಅವ್ವನನ್ನೂ ನನ್ನನ್ನೂ ಪಡಸಾಲೆಗೆ ಕರೆದರು.

"ಎಲುಬಿನ ಚಿಂತಿ ನನಗಿಲ್ರಿ. ಆದ್ರ ನಿನ್ನಿಯಿಂದ ಒಂದು ಸಲ ಕೆಮ್ಮಿಲ್ಲ, ಒಂದು ಹನಿ ನೀರು ಕುಡದಿಲ್ಲ. ಎದಿಯಾಗ ಗರಗರ ಶುರು ಆಗೈತಿ. ಅಫೀಮಿನ ಔಷಧ ಕೊಟ್ರ ನೋವು ಹೋಗತೈತಿ, ಉಸಿರೂ ಹೋಗತೈತಿ. ನಾಳೆ ಈ ಹೊತ್ತಿನ ತನಕಾ ಹಿಂಗಾ ಇದ್ರ ನನ್ನ ಕೈಯಾಗ ಏನೂ ಉಳಿಯಂಗಿಲ್ಲ."

ಅವ್ವ ಅಲ್ಲೇ ಕಂಬಕ್ಕೆ ಒರಗಿ ಕೂತಳು. ನಾನು ಒಳಗೆ ಹೋಗಿ ದೊಡ್ಡವ್ವನ ಕಾಲ ಹತ್ತಿರ ನಿಂತೆ. ಅವಳ ತುಟಿ ಒಣಗಿ ಬಿರಿದಿತ್ತು. ಉಸಿರು ಮೇಲೆಮೇಲೆ ಆಡುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಹೇಳಬೇಡ ಎಂದಿದ್ದಳು. ಹೇಳದೆ ಇದ್ದದ್ದರಿಂದಲೇ ಇಷ್ಟಾಗಿತ್ತು.

ಚೀಲದಿಂದ ಕಾಗದ ತೆಗೆದು ಬರೆದೆ. ಬರೆಯುವುದಕ್ಕೆ ನನಗೆ ಕಷ್ಟವಿಲ್ಲ. ಮಾನ್ಯ ಡಾಕ್ಟರವರಿಗೆ ವಿಜ್ಞಾಪನೆ ಎಂದು ಆರಂಭಿಸಿ, ಆದದ್ದನ್ನೆಲ್ಲ ಒಂದು ಪುಟದಲ್ಲಿ ಬರೆದು, ಮಡಚಿ, ಅವರ ಕೋಣೆಗೆ ಹೋಗಿ ಮೇಜಿನ ಮೇಲಿಟ್ಟು ಹಿಂದಕ್ಕೆ ಸರಿದೆ. ಅವರು ಓದಿ ತಾವಾಗಿಯೇ ಏನಾದರೂ ಮಾಡುತ್ತಾರೆ, ನಾನು ಅಲ್ಲಿ ಇರಬೇಕಾಗಿಲ್ಲ ಎಂಬ ಲೆಕ್ಕ ನನ್ನದು.

ಅವರು ಚಶ್ಮಾ ಏರಿಸಿ ಕಾಗದವನ್ನು ಆ ಕಡೆ ಈ ಕಡೆ ನೋಡಿದರು. ಬಾಗಿಲಲ್ಲಿದ್ದ ನನ್ನನ್ನು ಕರೆದರು.

"ನಾ ಉರ್ದು ಸಾಲ್ಯಾಗ ಕಲ್ತಾಂವ ತಂಗಿ. ಕನ್ನಡ ಬಾಯಿಗೆ ಬರತೈತಿ, ಅಕ್ಷರ ಬರಂಗಿಲ್ಲ. ನೀನಾ ಓದಿ ಹೇಳು."

ದಿನವೂ ನಮ್ಮ ಜೊತೆ ಇಷ್ಟು ಚೆನ್ನಾಗಿ ಮಾತಾಡುವವರಿಗೆ ಓದಲು ಬಾರದೆಂದು ನನಗೆ ಹೊಳೆದೇ ಇರಲಿಲ್ಲ. ಕಾಗದ ಕೈಗೆ ತೆಗೆದುಕೊಂಡೆ. ಮೊದಲ ಎರಡು ಸಾಲು ನನಗೇ ಕೇಳಿಸದಷ್ಟು ಸಣ್ಣಗೆ ಓದಿದೆ. ಅವರು ಕುರ್ಚಿಯನ್ನು ಹತ್ತಿರ ಎಳೆದುಕೊಂಡರು. ಲಿಂಗ ಜಾರಿದ್ದು, ಸಪ್ಪಳವಾದದ್ದು, ಅವಳು ಮುಖ ತಿರುಗಿಸಿದ್ದು ಎಲ್ಲ ಓದಿದೆ. ಕೊನೆಯಲ್ಲಿ ನಮ್ಮಿಂದ ಪ್ರಮಾದ ಸಂಭವಿಸಿದೆ ಎಂದು ಬರೆದಿದ್ದೆ.

ಯಾರಿಂದ ಎಂದು ಕೇಳಿದರು ಡಾಕ್ಟರು. ಬೈಯುವ ದನಿಯಲ್ಲ, ತಿಳಿಯದೆ ಕೇಳಿದ್ದು.

ಕಾಗದವನ್ನು ಮೇಜಿನ ಮೇಲಿಟ್ಟೆ. "ನನ್ನಿಂದ್ರಿ. ನೀವು ಹೇಳಿದ್ರಿ. ನಾ ಆಕಿಗೆ ಹೇಳಲಿಲ್ಲ."

ಅವರು ಚಶ್ಮಾ ತೆಗೆದು ಮೇಜಿನ ಮೇಲಿಟ್ಟರು. ಆಕೆಗೇ ನೇರ ಹೇಳುವುದು ಬಿಟ್ಟು ಪಡಸಾಲೆಯಲ್ಲಿ ನಿನಗೆ ಹೇಳಿದ್ದು ನನ್ನದೂ ತಪ್ಪೇ ಎಂದರು. ಕೈ ಸತ್ತ ಹಾಗಿರುತ್ತದೆ ಎಂದು ನೂರು ಜನಕ್ಕೆ ಹೇಳಿದ್ದೇನೆ, ಆ ಕೈಯಲ್ಲಿ ಯಾರ ದೇವರು ಕೂಡುತ್ತಾನೆ ಎಂದು ಒಬ್ಬರನ್ನೂ ಕೇಳಿರಲಿಲ್ಲ ಎಂದರು. ಕೈಯ ವಿಷಯ ನಾನು ಹೇಳಬಲ್ಲೆ, ಲಿಂಗದ ವಿಷಯ ಹೇಳುವವರು ಯಾರು ಎಂದು ಕೇಳಿದಾಗ, ತಿಕೋಟಾದ ಬಸಲಿಂಗಯ್ಯನವರು, ನಮ್ಮ ಮನೆತನಕ್ಕೆ ಲಿಂಗ ಕಟ್ಟುವ ಅಯ್ಯನವರು ಎಂದೆ. ತಿಕೋಟಾ ಮಾರ್ಗದ ಮೋಟಾರು ನಡೆಸುವ ಸಿಕಂದರ ಡಾಕ್ಟರಿಗೆ ಬೇಕಾದವನು. ಹನ್ನೊಂದರ ಮೋಟಾರಿಗೆ ಸುದ್ದಿ ಹೋಯಿತು. ಏಕೆ ಕರೆಯುತ್ತಿದ್ದೇವೆಂದು ಹೇಳಿಕಳಿಸಲಿಲ್ಲ. ಅಷ್ಟನ್ನು ನಾನೇ ಹೇಳಬೇಕಿತ್ತು.

ನಾಲ್ಕಕ್ಕೆ ಅಯ್ಯನವರು ಕೊಡೆ ಊರಿಕೊಂಡು ಬಂದರು. ಎಪ್ಪತ್ತು ದಾಟಿದ ಮುದುಕರು. ಅವರನ್ನು ಬಾಗಿಲಲ್ಲಿ ಕಂಡದ್ದೇ ದೊಡ್ಡವ್ವನಿಗೆ ಎಲ್ಲ ತಿಳಿಯಿತು. ನನ್ನ ಕಡೆ ನೋಡಿದಳು. ಆ ನೋಟ ತಪ್ಪಿಸಿಕೊಂಡರೆ ಮತ್ತೆ ಹೇಳುವುದಾಗುವುದಿಲ್ಲ ಎಂದು ಅವಳನ್ನೇ ನೋಡುತ್ತ ಹೇಳಿದೆ. ಅವ್ವ, ಅಯ್ಯನವರು, ಬಾಗಿಲ ಹತ್ತಿರ ಡಾಕ್ಟರು, ಇಷ್ಟು ಜನರ ಮುಂದೆ ನಾನು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು. ಕೈಗೆ ಸಂಜೆಯವರೆಗೆ ಸ್ಪರ್ಶವಿಲ್ಲವೆಂದು ನನಗೆ ಗೊತ್ತಿತ್ತು, ನಿನಗೆ ಹೇಳಲಿಲ್ಲ, ನೋಡುತ್ತ ನಿಂತೆ ಎಂದೆ.

"ಹೇಳಿದ್ರ ನಾ ಪೂಜಿ ಬಿಡ್ತಿದ್ನೇನು?" ಎಂದಳು ದೊಡ್ಡವ್ವ. ದನಿ ಒಣಗಿ ಹೋಗಿತ್ತು. "ನೆಲಾ ಮುಟ್ಟೈತ್ರಿ ಅಯ್ಯಾರ. ಸಪ್ಪಳ ನಾ ಕೇಳೀನಿ."

ಅವ್ವ ಬಾಯಿಗೆ ಸೆರಗು ಹಚ್ಚಿದಳು. ಅಯ್ಯನವರು ಸ್ಟೂಲಿನ ಮೇಲೆ ಕೂತರು. ಆ ಹೊತ್ತಿನಲ್ಲಿ ಕೈ ಹೇಗಿತ್ತು ಎಂದು ಡಾಕ್ಟರನ್ನು ಕೇಳಿದರು. ಬೆಂಕಿ ಇಟ್ಟರೂ ತಿಳಿಯುತ್ತಿರಲಿಲ್ಲ, ಎತ್ತಿದರೆ ಬೀಳುತ್ತಿತ್ತು ಎಂದರು ಡಾಕ್ಟರು. ಅಯ್ಯನವರು ತಲೆದೂಗಿ ದೊಡ್ಡವ್ವನ ಕಡೆ ತಿರುಗಿದರು.

"ಗುರುಬಸವ್ವ, ಕೂಸಿಗೆ ಲಿಂಗ ಯಾವಾಗ ಕಟ್ಟತೀವಿ?"

"ತೊಟ್ಟಲದಾಗ ಇದ್ದಾಗನಾ ಕಟ್ಟತೀರಿ."

"ಕೂಸು ಅಂಗೈಯಾಗ ಹಿಡದು ಪೂಜಿ ಮಾಡತೈತೇನು?"

"ಅದಕ್ಕೇನ್ ತಿಳೀತೈತ್ರಿ. ಅವರವ್ವ ಹಿಡೀತಾಳ."

"ಕೂಸು ಕೈ ಕಾಲು ಬಡಿಯೋವಾಗ ಜಾರಿ ಬಿದ್ರ, ಕೂಸಿಗೆ ಹಾಲು ಬಿಡಸ್ತೀವೇನು?"

ದೊಡ್ಡವ್ವ ಅಷ್ಟು ಸುಲಭಕ್ಕೆ ಒಪ್ಪುವವಳಲ್ಲ. ನಾ ಐವತ್ತೆಂಟು ವರ್ಷದಾಕಿ, ಕೂಸಲ್ಲ ಎಂದಳು.

"ನೀ ಅಲ್ಲಬೇ. ನಿನ್ನ ಕೈ. ಅದಕ್ಕ ನಿನ್ನೆ ಏನ್ ತಿಳೀತಿತ್ತು?"

ಅವಳು ಬಲಗೈಯಿಂದ ಕರಡಿಗೆಯನ್ನು ಅವರ ಕಡೆ ಸರಿಸಿದಳು. ಅಯ್ಯನವರು ನೀರು ತರಿಸಿದರು. ಕರಡಿಗೆ ತೆರೆದು ಲಿಂಗವನ್ನು ತೊಳೆದು, ವಿಭೂತಿ ಹಚ್ಚಿ, ಮಂತ್ರ ಹೇಳಿ, ಮೊದಲ ಸಲ ಕೊಡುವ ಹಾಗೆ ಅವಳ ಕಿವಿಯ ಹತ್ತಿರ ಬಾಗಿ ನುಡಿದು ಬಲಗೈಗೆ ಕೊಟ್ಟರು. ಕೈ ಪೂರ್ತಿ ನಿನ್ನದಾಗುವವರೆಗೆ ಕೆಳಗಿನಿಂದ ಇನ್ನೊಬ್ಬರ ಅಂಗೈ ಇರಲಿ ಎಂದರು. ಅವ್ವ ಎದ್ದು ಮುಂದೆ ಬಂದಳು.

"ಕಾಳವ್ವ ಬ್ಯಾಡ್ರಿ. ಆಕಿ ಕೈ ಒಂದು ಗಳಿಗಿ ಸುಮ್ಮ ಇರಂಗಿಲ್ಲ," ಎಂದಳು ದೊಡ್ಡವ್ವ. "ನಾಗಿ ಹಿಡೀಲಿ."

ಎಡಗೈ ಮುಟ್ಟಿದರೆ ನೋಯುತ್ತಿತ್ತು. ಮೊದಲು ಸೂಜಿ ಆಗಲಿ ಎಂದು ಅವಳೇ ಕೊರಳನ್ನು ಬಲಕ್ಕೆ ಹೊರಳಿಸಿದಳು. ಡಾಕ್ಟರು ಬೆರಳಿನಿಂದ ಕುಳಿ ಹುಡುಕಿ ನಿಧಾನವಾಗಿ ಔಷಧ ಬಿಟ್ಟರು. ಈ ಸಲ ಎಲ್ಲವನ್ನೂ ಅವಳಿಗೇ ಹೇಳಿದರು: ಈಗ ಬೆಚ್ಚಗಾಗುತ್ತದೆ, ಈಗ ಹೆಬ್ಬೆರಳು ಜುಂ ಎನ್ನುತ್ತದೆ, ಇನ್ನು ಸ್ವಲ್ಪ ಹೊತ್ತಿಗೆ ಕೈ ನಿಮ್ಮ ಮಾತು ಕೇಳುವುದಿಲ್ಲ. ಅರ್ಧ ತಾಸಿನ ಮೇಲೆ ಬೆರಳ ತುದಿ ಚುಚ್ಚಿ ನೋಡಿದರು. ಅವಳ ಹಣೆಯ ಗೆರೆ ಸಡಿಲಾಗಿತ್ತು.

ಹಾಸಿಗೆಯ ಪಕ್ಕ ಮೊಣಕಾಲೂರಿ ಅವಳ ಅಂಗೈಯ ಕೆಳಗೆ ನನ್ನ ಅಂಗೈ ಇಟ್ಟೆ. ತಾನಾಗಿ ಏನೂ ಮಾಡದ ಕೈ ಎಷ್ಟು ಭಾರವಿರುತ್ತದೆ ಎಂದು ಆವರೆಗೆ ನನಗೆ ಗೊತ್ತಿರಲಿಲ್ಲ. ಅದರ ಬೆರಳುಗಳನ್ನು ನನ್ನ ಬೆರಳಿನಿಂದ ಸುತ್ತಲೂ ಎತ್ತಿ ಹಿಡಿದೆ. ಅವಳು ಬಲಗೈಯಿಂದ ಲಿಂಗವನ್ನಿಟ್ಟು ಕಣ್ಣು ಮುಚ್ಚಿದಳು.

ಸ್ವಲ್ಪ ಹೊತ್ತಿಗೆ, ಕಣ್ಣು ತೆರೆಯದೆ, "ಐತೇನು?" ಎಂದು ಕೇಳಿದಳು.

"ಐತಿ ದೊಡ್ಡವ್ವ."

ಮತ್ತೆ ಕೇಳಿದಳು, ಮತ್ತೆ ಹೇಳಿದೆ. ಪೂಜೆಯಲ್ಲಿ ಯಾರ ಮಾತೂ ಆಗದವಳು ಮೂರು ಸಲ ಕೇಳಿದಳು. ನಾಲ್ಕನೆಯ ಸಲ ಅವಳು ಕೇಳುವ ಮೊದಲೇ ನಾನು ಐತಿ ಎಂದೆ. ಅಲ್ಲಿಂದ ಮುಂದೆ ಅವಳು ಕೇಳಲಿಲ್ಲ. ಒಂದೊಂದು ಉಸಿರಿಗೆ ಒಂದು ಸಲ ನಾನೇ ಹೇಳುತ್ತ ಹೋದೆ. ನನ್ನ ಮೊಣಕೈಗೆ ಜೋಮು ಹಿಡಿಯಿತು. ಅಯ್ಯನವರೂ ಡಾಕ್ಟರೂ ಸಪ್ಪಳ ಮಾಡದೆ ಪಡಸಾಲೆಗೆ ಹೋದರು.

ಮುಗಿದ ಮೇಲೆ ಲಿಂಗವನ್ನು ಕರಡಿಗೆಯಲ್ಲಿಟ್ಟು ನೀರು ಕೇಳಿದಳು. ಒಂದು ಲೋಟ ಕುಡಿದು, ಬಲಗೈಯನ್ನು ಎದೆಗೆ ಒತ್ತಿಕೊಂಡು ಎರಡು ಸಲ ಆಳದಿಂದ ಕೆಮ್ಮಿದಳು. ಅವ್ವ ಎರಡನೆಯ ಲೋಟ ತುಂಬಿ ಕೊಟ್ಟಳು. ಅದನ್ನೂ ಪೂರ್ತಿ ಕುಡಿದು, ಈ ದವಾಖಾನೆಯ ನೀರು ಸವಳು, ನಾಳೆ ಮನೆಯಿಂದ ತನ್ನಿ ಎಂದಳು.